ಅಕ್ಕನ ನಾಲ್ಕು ಸಾಲು

"ಸುಳ್ಳು ಹೆಸರುಗಳು ಯಾಕೆ? ನಿಮ್ಮದೇ ಹಾಕಿ ತೋರಿಸಿ," ಎಂದರು ಅವನ ಕಂಪನಿಯ ಮೇಡಂ. "ನಿಜವಾದ ಮೆಸೇಜ್ ನೋಡಿದ್ರೆ ಬಂದೋರಿಗೂ ನಂಬಿಕೆ ಬರುತ್ತೆ."

ಅವನು ಹಿಂದೆಮುಂದೆ ನೋಡದೆ ತನ್ನ ಮೊಬೈಲನ್ನು ಗೋಡೆಯ ಪರದೆಗೆ ಜೋಡಿಸಿದ. ಎರಡು ವರ್ಷ ಒದ್ದಾಡಿ ಕಟ್ಟಿದ ವ್ಯವಸ್ಥೆ. ಮೊಬೈಲು, ಆಫೀಸಿನ ಫೋನು, ಇಮೇಲು, ಟ್ಯಾಬು, ಯಾವುದಕ್ಕೆ ಬಂದರೂ ಒಬ್ಬರ ಮಾತೆಲ್ಲ ಹೊತ್ತಿನ ಪ್ರಕಾರ ಒಂದೇ ಕಡೆ ಬಂದು ಕೂರಬೇಕು. ಫೋನಿನಲ್ಲಿ ಬಿಟ್ಟ ದನಿಯೂ ಅಕ್ಷರವಾಗಬೇಕು. ಮೇಜಿನ ಸುತ್ತ ಕೂತಿದ್ದ ಏಳು ಮಂದಿ ಗ್ರಾಹಕರು ಪರದೆಯತ್ತ ತಿರುಗಿದರು.

"ನಿಮಗೆ ಎಲ್ಲಾದಕ್ಕೂ ಕಳಿಸೋರು ಯಾರಾದ್ರೂ ಇದ್ದಾರಾ?" ಎಂದು ಒಬ್ಬರು ಕೇಳಿದರು.

"ನಮ್ಮಕ್ಕ ಇದಾಳಲ್ಲ. ನಾಲ್ಕೂ ಕಡೆ ಜೀವ ತಿಂತಾಳೆ."

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಪರದೆ ತುಂಬಿಕೊಂಡಿತು.

ಮೊದಲನೆಯದು ಮೊಬೈಲಿನದು. "ಪುಟ್ಟಾ, ಡಾಕ್ಟ್ರು ಗಡ್ಡೆ ತೆಗೀಬೇಕು ಅಂದ್ರು." ಕೆಳಗೆ ಅವನ ಉತ್ತರ: "ಮೀಟಿಂಗಲ್ಲಿದೀನಿ. ಆಫೀಸ್ ನಂಬರಿಗೆ ಮಾಡು." ಆಫೀಸ್ ಫೋನಿನಲ್ಲಿ ಅಕ್ಕ ಬಿಟ್ಟಿದ್ದ ದನಿ: "ಶುಕ್ರವಾರ ಅಂತೆ. ಮನೇವ್ರು ಒಬ್ರು ಸೈನ್ ಹಾಕ್ಬೇಕಂತೆ." ಅವನದು: "ಇದು ಆಫೀಸ್ ಲೈನು. ಮನೆ ವಿಷಯ ಇಮೇಲ್ ಮಾಡಕ್ಕ." ಅವಳು ಇಮೇಲನ್ನೂ ಮಾಡಿದ್ದಳು. "ಬೆಳಿಗ್ಗೆ ಎಂಟು ಗಂಟೆಗೆ. ನಿನ್ನ ಬಿಟ್ರೆ ನಂಗ್ಯಾರಿದಾರೆ, ಬರ್ತೀಯಾ?" ಅದಕ್ಕೆ ಅವನು: "ಇಮೇಲ್ ದಿನಾ ನೋಡಲ್ಲ. ಟ್ಯಾಬಿಗೆ ಕಳ್ಸು."

ಅವನು ಯಾವುದನ್ನೂ ಪೂರ್ತಿ ಓದಿರಲಿಲ್ಲ. ಅಕ್ಕನ ಹೆಸರು ಕಂಡೊಡನೆ ಬೆರಳು ತಾನಾಗಿ ಉತ್ತರ ಒತ್ತಿಬಿಡುತ್ತಿತ್ತು.

ಟ್ಯಾಬು ತಿಂಗಳಿಂದ ಚಾರ್ಜಿಲ್ಲದೆ ಕಪಾಟಿನಲ್ಲಿ ಬಿದ್ದಿತ್ತು. ಅದಕ್ಕೆ ಬಂದದ್ದು ಈಗ ಎಲ್ಲಕ್ಕಿಂತ ಕೆಳಗೆ ಕಾಣುತ್ತಿತ್ತು. "ಆಪರೇಷನ್ ಆಯ್ತು ಪುಟ್ಟಾ. ಮೇಲಿನ ಮನೆ ಟೈಲರ್ ಬಂದು ಸೈನ್ ಹಾಕಿದ್ರು. ಸಂಬಂಧ ಅನ್ನೋ ಕಡೆ ತಮ್ಮ ಅಂತ ಬರೆದ್ರು. ಬೇಜಾರು ಮಾಡ್ಕೋಬೇಡ."

ಗ್ರಾಹಕರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು. "ಚೆನ್ನಾಗಿ ಜೋಡಿಸುತ್ತೆ," ಎಂದರು ಮೇಡಂ, ಮೇಜು ನೋಡುತ್ತ. ಪರದೆ ಆರಿಸಲು ಯಾರೋ ರಿಮೋಟಿಗಾಗಿ ತಡಕಾಡುತ್ತಿದ್ದರು. ಅವನು ಮೊಬೈಲನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಸ್ವಾಗತದ ಮೇಜಿನ ಫೋನಿನಿಂದ ಅಕ್ಕನ ನಂಬರು ಒತ್ತಿದ. ಎತ್ತಿಕೊಂಡದ್ದು ಒಬ್ಬ ಗಂಡಸು. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಆಗತಾನೇ ನಿಂತಿತ್ತು.

"ಅಕ್ಕ ಮಾತ್ರೆ ತಗೊಂಡು ಮಲಗಿದಾರೆ. ಒಬ್ರೇ ಇರೋದು ಬೇಡ ಅಂತ ನಾನೇ ಮೆಷಿನ್ನು ಕೆಳಗೆ ತಂದ್ಕೊಂಡೆ," ಎಂದ ಆ ಗಂಡಸು ತಗ್ಗಿದ ದನಿಯಲ್ಲಿ. "ಎದ್ಮೇಲೆ ಹೇಳ್ತೀನಿ. ಯಾರು ಮಾಡಿದ್ರು ಅಂತ ಹೇಳ್ಲಿ?"

'ತಮ್ಮ' ಎನ್ನಲು ಇವನು ಬಾಯಿ ತೆರೆದ; ಹಾಗೆಂದು ಸೈನ್ ಹಾಕಿದವನೇ ಆ ಕಡೆ ಇದ್ದ. ಮೇಜಿನಾಚೆ ಕೂತಿದ್ದ ಹೆಂಗಸು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು.

ಟೈಲರ್ ಇನ್ನೊಮ್ಮೆ 'ಹಲೋ' ಅಂದ. ಫೋನ್ ಇಡಲಿಲ್ಲ, ಪಕ್ಕದಲ್ಲೆಲ್ಲೋ ಇಟ್ಟುಕೊಂಡಿರಬೇಕು. ಮೆಷಿನ್ನು ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ, ಮತ್ತೆ ಹೊಲಿಯತೊಡಗಿತು.