ಮಾತಾಡುವ ಅಭ್ಯಾಸ

ನರ್ಸಮ್ಮನ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಬೆಳಗಿನ ಐದು ಗಂಟೆಯಿಂದ ಸೋಡಾ ಬೆರೆಸಿದ ಬಿಸಿನೀರಲ್ಲಿ ಮುಳುಗಿದ್ದ ಬೆರಳುಗಳು ಅವು. ತುದಿಯಲ್ಲಿ ಚರ್ಮ ಸುಲಿದು ಕೆಂಪಗಾಗಿದ್ದವು. ಪೆನ್ನಿಗೆ ಬಟ್ಟೆ ಚಿಂದಿ ಸುತ್ತಿಕೊಂಡು ಹೇಗೋ ಎರಡು ಸಾಲು ಬರೆಯುತ್ತಿದ್ದಳು. ಮೂರನೇ ಸಾಲಿಗೆ ತಲೆ ವಾಲುತ್ತಿತ್ತು. ಪಕ್ಕದವನು ಮೊಣಕೈಯಿಂದ ತಿವಿಯುತ್ತಿದ್ದ. "ಸಾರಿ ಮೇಷ್ಟ್ರೇ" ಎಂದು ಎದ್ದು ಕೂತು ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಿದ್ದಳು.

ನಾನು ಬೈಯುತ್ತಿರಲಿಲ್ಲ. ಬೈದರೆ ಹನ್ನೆರಡು ಜನಕ್ಕೂ ಬೈಯಬೇಕು. ಕ್ಲಾಸಿಗೆ ಕ್ಲಾಸೇ ತೂಕಡಿಸುತ್ತಿತ್ತು.

ಹೊರದೇಶಗಳಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಕೋರ್ಸು ನಮ್ಮದು. ಕಾಲೇಜಿನ ಪುಸ್ತಿಕೆಯಲ್ಲಿ ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರ ಚಿತ್ರವಿದೆ. ಕ್ಲಾಸು ನಡೆಯುವುದು ಮಾತ್ರ ನೆಲಮಾಳಿಗೆಯಲ್ಲಿ, ಕ್ಯಾಂಟೀನಿನ ಅಡುಗೆಮನೆಯ ಪಕ್ಕ. ನಡುವೆ ಒಂದೇ ಗೋಡೆ. ಕರಿದ ಎಣ್ಣೆಯ ಜಿಡ್ಡು ಬೋರ್ಡಿಗೂ ಹತ್ತಿದೆ, ಬರೆದರೆ ಅಕ್ಷರ ಜಾರುತ್ತದೆ. ನಾನು ಅಲ್ಲಿ ಗಂಟೆ ಲೆಕ್ಕದ ಮೇಷ್ಟ್ರು. ಗಂಟೆ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಹದಿನಾಲ್ಕು ವರ್ಷದಿಂದ ತಾತ್ಕಾಲಿಕ. ಮನೆಯಲ್ಲಿ ಹೆಂಡತಿ ನನ್ನನ್ನು ತಾತ್ಕಾಲಿಕ ಗಂಡ ಎಂದು ಆಡಿಕೊಳ್ಳುತ್ತಾಳೆ.

ನರ್ಸಮ್ಮ ಎಂಬುದು ಕ್ಲಾಸು ಇಟ್ಟ ಹೆಸರು. ತನ್ನ ದೇಶದಲ್ಲಿ ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಎಷ್ಟು ಕೂಸುಗಳ ಮೊದಲ ಅಳು ಕೇಳಿದ್ದಳೋ ಅವಳಿಗೇ ಲೆಕ್ಕವಿಲ್ಲ. ಆದರೆ ಆ ಹನ್ನೊಂದು ವರ್ಷ ಇಲ್ಲಿ ನಡೆಯುವುದಿಲ್ಲ. ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಇಲ್ಲಿಯ ನರ್ಸಿಂಗ್ ಕೋರ್ಸು. ಪಾಸಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಏಳು ವರ್ಷದ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಮಗಳು ಫೋನಿನಲ್ಲಿ ಊಟ ಆಯಿತಾ ಎಂದು ಕೇಳುತ್ತಿರಲಿಲ್ಲವಂತೆ. "ಇಂಗ್ಲಿಷ್ ಬಂತಾ ಅಮ್ಮಾ?" ಎಂದೇ ಕೇಳುತ್ತಿದ್ದಳಂತೆ.

ಈಗ ಅಡುಗೆಮನೆಯ ಸಂಗತಿ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ಅದು ಸರ್ಕಾರದ ಕಾನೂನು. ಕ್ಯಾಂಟೀನಿನ ಗುತ್ತಿಗೆದಾರ ಕಾನೂನು ಮುರಿಯುವವನಲ್ಲ. ಇಪ್ಪತ್ತು ಗಂಟೆಯನ್ನು ಕೆಲಸ ಎಂದು ಬರೆಯುತ್ತಿದ್ದ. ಮೇಲಿನ ಇಪ್ಪತ್ತು, ಇಪ್ಪತ್ತೈದು ಗಂಟೆಯನ್ನು 'ಇಂಗ್ಲಿಷ್ ಸಂಭಾಷಣೆಯ ಅಭ್ಯಾಸ' ಎಂದು ಬರೆಯುತ್ತಿದ್ದ. ಅಭ್ಯಾಸಕ್ಕೆ ಸಂಬಳವಿಲ್ಲ. ಬಾಣಲೆ ಉಜ್ಜುತ್ತಾ ಅವರು ಕೇಳುತ್ತಿದ್ದ ಇಂಗ್ಲಿಷ್ ಇಷ್ಟೇ: ಬೇಗ, ಇನ್ನೂ ಬೇಗ, ಇದು ಯಾರು ತೊಳೆದಿದ್ದು.

ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಯಾಕೆಂದರೆ ಗುತ್ತಿಗೆದಾರ ನಮ್ಮ ಕೋಆರ್ಡಿನೇಟರ್ ಸಾಹೇಬರ ಹೆಂಡತಿಯ ತಮ್ಮ. ಇವರೆಲ್ಲರ ಹಾಜರಾತಿ ಪತ್ರಕ್ಕೆ ಸಹಿ ಹಾಕುವವರು ಸಾಹೇಬರು. ಆ ಸಹಿ ಇಲ್ಲದಿದ್ದರೆ ವೀಸಾ ಇಲ್ಲ. ಎಲ್ಲರೂ ಗುತ್ತಿಗೆದಾರನನ್ನು ಬಾಮೈದ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಪಾಠದ ನಡುವೆ ಅಡುಗೆಮನೆಯಲ್ಲಿ ಪಾತ್ರೆ ರಾಶಿ ಬಿದ್ದರೆ ಬಾಮೈದ ಸೌಟಿನಿಂದ ಗೋಡೆಗೆ ಹೊಡೆಯುತ್ತಿದ್ದ. ಒಂದು ಸಲ ಹೊಡೆದರೆ ಒಬ್ಬರು, ಎರಡು ಸಲ ಹೊಡೆದರೆ ಇಬ್ಬರು. ನಾನು ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಅವರು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದರು. ನಾನು ಅವರ ಹೆಸರಿನ ಮುಂದೆ ಹಾಜರು ಎಂದು ಗುರುತು ಹಾಕುತ್ತಿದ್ದೆ. ಹೌದು, ನಾನೇ ಹಾಕುತ್ತಿದ್ದೆ. ನನಗೂ ಗಂಟೆ ಬೇಕಿತ್ತು.

ಮಾತಿನ ಪರೀಕ್ಷೆ ಹತ್ತಿರ ಬಂತು. ಒಂದು ಚೀಟಿ ಎತ್ತಬೇಕು, ಅದರಲ್ಲಿರುವ ವಿಷಯದ ಮೇಲೆ ಎರಡು ನಿಮಿಷ ಮಾತಾಡಬೇಕು. ಎಲ್ಲರೂ ಹಳೆಯ ಗೈಡು ಉರು ಹೊಡೆದಿದ್ದರು. ಹನ್ನೆರಡು ಜನಕ್ಕೂ ಈಜುವುದೇ ಹವ್ಯಾಸ. ಈಜುಕೊಳ ನೋಡಿದವರು ಒಬ್ಬರೂ ಇಲ್ಲ. ನರ್ಸಮ್ಮ ಈಜುತ್ತಾ ಈಜುತ್ತಾ ನಡುನೀರಿನಲ್ಲಿ ನಿಂತುಬಿಡುತ್ತಿದ್ದಳು, ಮುಂದಿನ ಸಾಲು ಮರೆತು. ನೋಡಿ ನೋಡಿ ಬೇಸರವಾಗಿ ಒಂದು ದಿನ ಹೇಳಿದೆ: ಗೈಡು ಎಸೆಯಿರಿ. ನಿಮಗೆ ಗೊತ್ತಿರುವುದನ್ನು, ನೀವು ಕಂಡಿದ್ದನ್ನು ಹೇಳಿ. ಮಾತು ತಾನಾಗಿ ಬರುತ್ತದೆ.

"ನಿಜ ಹೇಳಿದ್ರೆ ಮಾರ್ಕ್ಸ್ ಬರುತ್ತಾ ಮೇಷ್ಟ್ರೇ?" ಎಂದು ಕೇಳಿದಳು.

"ಬರುತ್ತಮ್ಮ. ಅದಕ್ಕೇ ಹೆಚ್ಚು ಬರೋದು," ಎಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಪರೀಕ್ಷೆಯ ದಿನ ಮೇಜಿನ ಮೇಲೆ ರೆಕಾರ್ಡರ್ ಇಟ್ಟಿದ್ದರು. ಪ್ರಶ್ನೆ ಕೇಳಿ ಅಂಕ ಹಾಕುವವನು ನಾನು. ಸಮಯ ನೋಡಲು ಆಫೀಸಿನ ಗುಮಾಸ್ತ. ಪರೀಕ್ಷೆ ಹೊರಗಿನ ಮಂಡಳಿಯದ್ದು, ಅವರ ನಿಯಮ ಬಿಗಿ. ಶುರುವಾದ ರೆಕಾರ್ಡಿಂಗ್ ನಿಲ್ಲಿಸುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಸಂಜೆ ನಾಲ್ಕಕ್ಕೆ ಮಂಡಳಿಯ ಗಾಡಿ ಬಂದು ಲಕೋಟೆ ಒಯ್ಯುತ್ತದೆ. ಒಂದು ರೆಕಾರ್ಡಿಂಗ್ ಕೆಟ್ಟಿದೆ ಎಂದು ನಾನು ಸಹಿ ಹಾಕಿದರೆ ಮಾತ್ರ ಅದನ್ನು ಕಳಿಸದೆ ಬಿಡಬಹುದು.

ಮೊದಲು ಬಂದವಳು ನರ್ಸಮ್ಮ. ಎತ್ತಿದ ಚೀಟಿಯಲ್ಲಿ 'ನಿಮ್ಮ ಒಂದು ದಿನ' ಎಂದಿತ್ತು. ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಇಂಗ್ಲಿಷಿನಲ್ಲಿ ಶುರು ಮಾಡಿದಳು. ಕ್ಲಾಸಿನ ಉಳಿದ ಮಾತುಗಳಂತೆ ಅದನ್ನೂ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನಾನು ನಾಲ್ಕು ಗಂಟೆಗೆ ಏಳುತ್ತೇನೆ. ಐದಕ್ಕೆ ಈ ಕಾಲೇಜಿನ ಅಡುಗೆಮನೆಯಲ್ಲಿ ಇರುತ್ತೇನೆ. ಪಾತ್ರೆಗಳು ನನ್ನ ಸೊಂಟದಷ್ಟು ಎತ್ತರ. ಒಳಗೆ ಬಗ್ಗಿ ಉಜ್ಜಬೇಕು. ಹತ್ತಕ್ಕೆ ಕ್ಲಾಸಿಗೆ ಬರುತ್ತೇನೆ. ನನ್ನ ಮೇಷ್ಟ್ರು ಒಳ್ಳೆಯವರು, ಆದರೆ ನನಗೆ ನಿದ್ದೆ ಬರುತ್ತದೆ. ಗೋಡೆ ಬಡಿದರೆ ಎದ್ದು ಹೋಗುತ್ತೇನೆ. ಮಧ್ಯಾಹ್ನ ಮತ್ತೆ ಪಾತ್ರೆ. ಪುಸ್ತಕದಲ್ಲಿ ಅದನ್ನು ಇಂಗ್ಲಿಷ್ ಅಭ್ಯಾಸ ಎಂದು ಬರೆಯುತ್ತಾರೆ. ಅಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಈ ಕೈಗಳು ಮೊದಲು ಕೂಸುಗಳನ್ನು ಹಿಡಿಯುತ್ತಿದ್ದವು. ಈಗ ಊರಿಗೆ ಹೋಗಿ ನನ್ನ ಮಗಳನ್ನು ಮುಟ್ಟಿದರೆ ಅವಳಿಗೆ ಚುಚ್ಚುತ್ತದೆ."

ಎಲ್ಲೂ ತಡವರಿಸಲಿಲ್ಲ. ಒಂದು ಕ್ರಿಯಾಪದವೂ ತಪ್ಪಲಿಲ್ಲ. ನನಗೆ ಮೊದಲು ಆಗಿದ್ದು ಸಂತೋಷ. ಮೇಷ್ಟ್ರ ಬುದ್ಧಿ ಅದು, ಅದಕ್ಕೆ ಮೊದಲು ಕಾಣುವುದು ಅಂಕ. ಪೂರ್ತಿ ಅಂಕ ಬರೆದೆ. ಆಮೇಲೆ ಪಕ್ಕದ ಕುರ್ಚಿ ನೋಡಿದೆ. ಗುಮಾಸ್ತ ಅಲ್ಲಿರಲಿಲ್ಲ. ಸಾಹೇಬರ ಕೋಣೆಗೆ ಓಡಿದ್ದ.

ಉಳಿದವರ ಸರದಿಯನ್ನು ಮಧ್ಯಾಹ್ನಕ್ಕೆ ಹಾಕಿಸಿ ಸಾಹೇಬರು ನನ್ನನ್ನು ಕರೆಸಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು, ಚಹಾ ತರಿಸಿದರು. "ಏನ್ರೀ ಮೇಷ್ಟ್ರೇ, ಪರೀಕ್ಷೆ ಮಾಡ್ತಿದ್ದೀರೋ, ದೂರು ಬರೆಸ್ಕೊಳ್ತಿದ್ದೀರೋ?" ಎಂದರು. ಹೆಚ್ಚು ಗಂಟೆ ದುಡಿದೆ ಎಂದು ಆಯಮ್ಮನೇ ಬಾಯಿಬಿಟ್ಟಿದ್ದಾಳೆ, ಕಾನೂನು ಮುರಿದವಳು ಅವಳು, ಕಾಲೇಜು ಅದನ್ನು ವೀಸಾ ಕಚೇರಿಗೆ ತಿಳಿಸಲೇಬೇಕಾಗುತ್ತದೆ ಎಂದು ವಿವರಿಸಿದರು. ದುಡಿಸಿಕೊಂಡವನ ಸುದ್ದಿ ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಆಮೇಲೆ ಒಂದು ಫಾರಂ ನನ್ನ ಕಡೆ ಸರಿಸಿದರು. ರೆಕಾರ್ಡಿಂಗ್ ಕೆಟ್ಟಿದೆ ಎನ್ನುವ ಫಾರಂ ಅದು. ಸಹಿ ಹಾಕಿದರೆ ವೀಸಾ ಕಚೇರಿಗೆ ಏನೂ ಹೋಗುವುದಿಲ್ಲ, ಆಕೆ ಇನ್ನೊಂದು ಆರು ತಿಂಗಳು ಇದೇ ಕ್ಲಾಸಿನಲ್ಲಿ ಕೂತು ಮತ್ತೆ ಪರೀಕ್ಷೆ ಕೊಡಬಹುದು. ಇದೇ ಕ್ಲಾಸು ಎಂದರೆ ಇದೇ ಅಡುಗೆಮನೆ.

"ಪಾಪ, ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ," ಎಂದರು ಸಾಹೇಬರು. "ಮೂರೂವರೆಯೊಳಗೆ ತಂದುಕೊಡಿ."

ಫಾರಂ ಜೇಬಿಗಿಟ್ಟುಕೊಂಡು ಬಂದೆ. ಸುಳ್ಳೇಕೆ, ಸಹಿ ಹಾಕುವ ಮನಸ್ಸೇ ಇತ್ತು. ಆರು ತಿಂಗಳು ತಾನೇ, ಊರಿಗೆ ಅಟ್ಟುವುದಕ್ಕಿಂತ ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ. ನರ್ಸಮ್ಮ ಕಾರಿಡಾರಿನ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಉಳಿದವರು ಸುತ್ತ ಇದ್ದರು. ಎಲ್ಲವನ್ನೂ ಬಿಡಿಸಿ ಹೇಳಿದೆ. ಸಹಿ ಹಾಕಿದರೆ ಏನು, ಹಾಕದಿದ್ದರೆ ಏನು ಎಂದು. ಅವಳು ಕೈ ನೋಡಿಕೊಂಡಳು.

"ಮಾರ್ಕ್ಸ್ ಎಷ್ಟು ಬಂತು ಮೇಷ್ಟ್ರೇ?"

"ಪೂರ್ತಿ."

ನಗಲು ಹೋಗಿ ಅತ್ತಳು. ಸೆರಗೋ ಕರವಸ್ತ್ರವೋ ಏನೂ ಇರಲಿಲ್ಲ, ತೋಳಿನಿಂದಲೇ ಮುಖ ಒರೆಸಿಕೊಂಡಳು. "ಸಹಿ ಹಾಕಬೇಡಿ," ಎಂದಳು. "ಇಲ್ಲಿಗೆ ಬಂದ ಮೇಲೆ ನಾನು ಒಂದು ಮಾತನ್ನ ಪೂರ್ತಿ ಹೇಳಿ ಮುಗಿಸಿದ್ದು ಇದೊಂದೇ ಸಲ. ಅದನ್ನೂ ಅಳಿಸಬೇಡಿ."

ತನ್ನ ದೇಶದಲ್ಲಿ ಬಸ್ ಓಡಿಸುತ್ತಿದ್ದ ಉದ್ದನೆಯ ಡ್ರೈವರ್ ಅವಳ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತ. ಅವನ ಕೈಯಲ್ಲೂ ಅವೇ ಬಿರುಕುಗಳು.

ಮಧ್ಯಾಹ್ನ ಮೊದಲ ಸರದಿ ಅವನದು. ಚೀಟಿಯಲ್ಲಿ 'ನಿಮ್ಮ ಹವ್ಯಾಸ' ಎಂದಿತ್ತು. "ನನಗೆ ಈಜುವುದೆಂದರೆ..." ಎಂದು ಬಾಯಿಪಾಠ ಶುರು ಮಾಡಿದ. ನಿಂತ. ರೆಕಾರ್ಡರಿನ ಕೆಂಪು ದೀಪವನ್ನೇ ನೋಡಿದ. "ಇಲ್ಲ. ನನಗೆ ಹವ್ಯಾಸ ಇಲ್ಲ. ನಾನು ಬೆಳಿಗ್ಗೆ ಐದಕ್ಕೆ ಈ ಕಾಲೇಜಿನ ಅಡುಗೆಮನೆಯಲ್ಲಿ ಇರುತ್ತೇನೆ," ಎಂದ. ಅವನ ವ್ಯಾಕರಣ ಕುಂಟುತ್ತಿತ್ತು, ಆದರೆ ಒಂದು ಪದವೂ ಅರ್ಥವಾಗದೆ ಉಳಿಯಲಿಲ್ಲ. ಆಮೇಲೆ ಬಂದವಳು 'ನಿಮ್ಮ ಆಪ್ತ ಗೆಳತಿ' ಚೀಟಿ ಎತ್ತಿ ನರ್ಸಮ್ಮನ ಕೈಗಳ ಬಗ್ಗೆ ಹೇಳಿದಳು. 'ಮರೆಯಲಾಗದ ಪ್ರವಾಸ' ಬಂದವನು ಕ್ಲಾಸಿನಿಂದ ಅಡುಗೆಮನೆಗಿರುವ ಹದಿನೆಂಟು ಹೆಜ್ಜೆಯ ದಾರಿ ವರ್ಣಿಸಿದ. ಗುಮಾಸ್ತ ಎದ್ದು ರೆಕಾರ್ಡರಿನತ್ತ ಕೈ ಚಾಚಿದ. "ಮಂಡಳಿಯ ನಿಯಮ ಕಣಯ್ಯಾ, ಕೂತ್ಕೋ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ನಾಲ್ಕಕ್ಕೆ ಗಾಡಿ ಬಂತು. ಹನ್ನೆರಡು ಜನರ ಮಾತನ್ನೂ ಲಕೋಟೆಗೆ ಹಾಕಿ, ಅಂಟಿಸಿ, ಅಡ್ಡಲಾಗಿ ಸಹಿ ಮಾಡಿ ನಾನೇ ಕೊಟ್ಟುಬಂದೆ. ಫಾರಂ ಜೇಬಿನಲ್ಲೇ ಉಳಿಯಿತು. ಸಂಜೆ ಸಾಹೇಬರು ನರ್ಸಮ್ಮನ ಮೇಲೆ ವೀಸಾ ಕಚೇರಿಗೆ ಪತ್ರ ಕಳಿಸಿದರು. ಅವಳೊಬ್ಬಳ ಮೇಲೆ ಮಾತ್ರ. ಹನ್ನೆರಡು ಜನರ ಮೇಲೂ ಕಳಿಸಿದರೆ ಪಾತ್ರೆ ಯಾರು ತೊಳೆಯುತ್ತಾರೆ? ನನಗೂ ಒಂದು ಚೀಟಿ ಬಂತು, ಮುಂದಿನ ವಾರದಿಂದ ನನಗೆ ಗಂಟೆ ಇಲ್ಲ ಎಂದು. ಹೆಂಡತಿ ಓದಿ ಮಡಚಿಟ್ಟಳು, ಆ ದಿನ ತಮಾಷೆ ಮಾಡಲಿಲ್ಲ.

ಮಾರನೆಯ ದಿನ ನನ್ನ ಕೊನೆಯ ಕ್ಲಾಸು. ಹತ್ತಕ್ಕೆ ಹೋದಾಗ ಹನ್ನೆರಡು ಜನವೂ ಕೂತಿದ್ದರು. ಯಾರ ಬಟ್ಟೆಯೂ ಒದ್ದೆಯಾಗಿರಲಿಲ್ಲ, ಬೆಳಿಗ್ಗೆ ಯಾರೂ ಅಡುಗೆಮನೆಗೆ ಹೋಗಿರಲಿಲ್ಲ. ಯಾರೂ ತೂಕಡಿಸುತ್ತಿರಲಿಲ್ಲ. ಹಾಜರಿ ಕರೆದು ಬೋರ್ಡಿನ ಮೇಲೆ ಒಂದು ವಾಕ್ಯ ಬರೆಯತೊಡಗಿದೆ.

ಗೋಡೆಗೆ ಸೌಟು ಬಿತ್ತು. ಒಂದು ಸಲ, ಎರಡು ಸಲ. ಆಮೇಲೆ ಎಣಿಸಲಾಗದಷ್ಟು ಸಲ. ಯಾರೂ ಏಳಲಿಲ್ಲ. ನಾನು ವಾಕ್ಯ ಪೂರ್ತಿ ಮಾಡಿದೆ.

ಬಾಗಿಲು ದಢಾರನೆ ತೆರೆಯಿತು. ಬಾಮೈದ ಸೌಟು ಹಿಡಿದೇ ನಿಂತಿದ್ದ, ಹಿಂದೆ ಸಾಹೇಬರು. ಪಾತ್ರೆ ಸೂರಿಗೆ ಮುಟ್ಟುತ್ತಿದೆ, ಇಲ್ಲಿ ಏನು ನಡೀತಿದೆ ಎಂದು ಸಾಹೇಬರು ಇಂಗ್ಲಿಷಿನಲ್ಲೇ ಕೇಳಿದರು. ಕೇಳಿದ್ದು ನನ್ನನ್ನು. ಎದ್ದು ನಿಂತವಳು ನರ್ಸಮ್ಮ. ಚಿಂದಿ ಸುತ್ತಿದ ಪೆನ್ನು ಕೈಯಲ್ಲೇ ಇತ್ತು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಅದೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

"ಸಂಭಾಷಣೆಯ ಅಭ್ಯಾಸ ನಡೀತಿದೆ ಸರ್. ದಯವಿಟ್ಟು ಬಾಗಿಲು ಹಾಕಿಕೊಂಡು ಹೋಗಿ."