ಗುರುತಿಲ್ಲದ ಬಿಳಿ ಪೆಟ್ಟಿಗೆಗಳು

ಮಾನವಕುಲದ ದಿಕ್ಕನ್ನೇ ಬದಲಿಸಿದ ದಿನಗಳು ಕೆಲವಿವೆ. ಬೆಂಕಿ ಹೊತ್ತಿಸಿದ ದಿನ, ಚಕ್ರ ಉರುಳಿಸಿದ ದಿನ. ಅವುಗಳ ಸಾಲಿನಲ್ಲೇ ನಿಲ್ಲಬೇಕಾದ ಇನ್ನೊಂದು ದಿನ ಜೇನುಗಾರನ ಮನೆಯ ಸೌಟಿಗೆ ನಂಬರು ಬಿತ್ತು.

ಹಿಡಿಯ ಹಿಂಬದಿಗೆ, ಕೆಂಪು ಬಣ್ಣದಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣದಾಗಿ ಬರೆದವಳು ಅವನ ಅಕ್ಕ. ಅವಳಿಗೆ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸ. ಅಲ್ಲಿಗೆ ಬಂದದ್ದು ರಾಜನ ಕತ್ತಿಯಾಗಿರಲಿ, ಯಾರೋ ಒಡೆದು ಬಿಸಾಡಿದ ಮಡಕೆಯ ಚೂರಾಗಿರಲಿ, ಅದಕ್ಕೊಂದು ಗುರುತು ಹಾಕಿ ಕಪಾಟಿಗೆ ಸೇರಿಸುವುದು ಅವಳ ಪಾಲಿನ ಕರ್ತವ್ಯ. ವರ್ಷಾನುಗಟ್ಟಲೆ ಅದನ್ನೇ ಮಾಡಿದ ಕೈ ರಜೆಗೆ ಬಂದರೆ ಸುಮ್ಮನಿರುತ್ತದೆಯೆ? ಎದುರುಮನೆಗೆ ಹೋದ ಸೌಟು ಬೇರೆ ಸೌಟಾಗಿ ವಾಪಸು ಬಂದದ್ದೇ ನೆಪವಾಯಿತು. ಮಧ್ಯಾಹ್ನದೊಳಗೆ ಸೌಟು, ಬಕೆಟ್ಟು, ಏಣಿ, ಛತ್ರಿ ಎಲ್ಲಕ್ಕೂ ನಂಬರು ಬಂದಿತ್ತು.

"ಇನ್ನು ಬಾಕಿ ಇರೋನು ನಾನೊಬ್ಬನೇ ಅಕ್ಕಾ. ನನ್ನ ಬೆನ್ನಿಗೂ ಒಂದು ಗೀಚಿಬಿಡು" ಎಂದ ಜೇನುಗಾರ.

"ನಿನಗ್ಯಾಕೋ? ನಿನ್ನಂಥದ್ದು ಇನ್ನೊಂದು ಪೀಸ್ ಎಲ್ಲೂ ಸಿಗಲ್ಲ."

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ಆ ನಗು ಸ್ವಲ್ಪ ಉದ್ದವಾಯಿತೆಂದು ಅವನಿಗನಿಸಿತು.

ಅಂಗಳದಲ್ಲಿ ಇಪ್ಪತ್ತು ಹೊಸ ಜೇನುಪೆಟ್ಟಿಗೆಗಳು ಬಿಸಿಲಿಗೆ ಒಣಗುತ್ತಿದ್ದವು. ಹಳೆಯವು ಗೆದ್ದಲು ಹಿಡಿದು ಪುಡಿಯಾಗತೊಡಗಿದ್ದರಿಂದ, ಇದ್ದಬದ್ದದ್ದನ್ನೆಲ್ಲ ಸುರಿದು ಇವನ್ನು ಮಾಡಿಸಿದ್ದ. ಹಾಲಿನಂಥ ಬಿಳಿ ಬಣ್ಣ. ಒಂದರ ಪಕ್ಕ ಒಂದು ಇಟ್ಟರೆ ಒಂದೇ ಅಚ್ಚಿನ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಹುಳುಗಳನ್ನು ಇವಕ್ಕೆ ವರ್ಗಾಯಿಸಿ, ಹಣ್ಣಿನ ತೋಟಗಳು ಹೂಬಿಡುವ ಹೊತ್ತಿಗೆ ಅಲ್ಲಿ ಇಟ್ಟರೆ ತೋಟದವರಿಗೆ ಕಾಯಿ, ಇವನಿಗೆ ಜೇನು. ಆ ಒಂದು ಹೂವಿನ ಕಾಲದ ಮೇಲೆ ಮನೆಯ ಇಡೀ ವರ್ಷ ನಿಂತಿತ್ತು.

ಅಕ್ಕ ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿದಳು. "ಇವಕ್ಕೆ ಗುರುತು ಯಾವಾಗ ಹಾಕ್ತೀಯ?"

"ಇವಕ್ಕಾ? ಯಾಕೆ ಬೇಕು? ನನ್ನ ಪೆಟ್ಟಿಗೆ ನನಗೆ ಗೊತ್ತಾಗಲ್ವಾ? ನಾನು ಮರೆತ್ರೂ ನನ್ನ ಜೇನು ಮರೆಯಲ್ಲ. ನನ್ನ ಮೈವಾಸನೆ ಅವಕ್ಕೆ ಗೊತ್ತು. ಬೇರೆಯೋನು ಕೈ ಹಾಕಿದ್ರೆ ಕಚ್ಚಿ ಓಡಿಸ್ತವೆ."

"ನಿನ್ನನ್ನ ಕಚ್ಚಲ್ವಾ?"

"ಕಚ್ತವೆ. ಅದು ಸಲಿಗೆಯಿಂದ."

ಅಕ್ಕ ಜಗಲಿಯ ಮೇಲೆ ಕೂತಳು. ಅವಳು ಹಾಗೆ ಕಾಲು ಮಡಚಿ ಕೂತರೆ ಪಾಠ ಶುರುವಾಯಿತೆಂದೇ ಅರ್ಥ.

"ನನ್ನದು ನನಗೆ ಗೊತ್ತು ಅಂತ ನೀನೊಬ್ಬನೇ ಹೇಳ್ತಿರೋದಲ್ಲ ಕಣೋ. ಮನುಷ್ಯ ಮನುಷ್ಯ ಆದಾಗಿಂದ ಹೇಳ್ತಿದ್ದಾನೆ. ಒಂದು ಜಗಳ ಆಗೋವರೆಗೂ ಹೇಳ್ತಾನೆ, ಆಮೇಲೆ ಗುರುತು ಹಾಕ್ತಾನೆ. ನಮ್ಮಲ್ಲಿರೋ ಹಳೇ ಮಡಕೆಗಳ ಅಡಿ ತಿರುಗಿಸಿ ನೋಡಬೇಕು ನೀನು. ಕುಂಬಾರ ಹಸಿ ಮಣ್ಣಿಗೆ ಉಗುರಿನಿಂದ ಒಂದು ಗೀರು ಹಾಕಿರ್ತಾನೆ. ಕಲ್ಲುಕುಟಿಗ ತಾನು ಕೆತ್ತಿದ ಕಲ್ಲಿಗೆ ಉಳಿಯಿಂದ ಒಂದು ಚಿಹ್ನೆ. ಯಾಕೆ ಹೇಳು? ಕೂಲಿ ಕೇಳೋವಾಗ ಇದು ನಾನು ಕೆತ್ತಿದ್ದು ಅಂತ ತೋರಿಸೋಕೆ. ವ್ಯಾಪಾರಿ ಮೂಟೆಯ ಗಂಟಿಗೆ ಜೇಡಿಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದ. ಕುರಿ ಕಾಯೋನು ಕುರಿಯ ಕಿವಿ ಒಂದಿಷ್ಟು ಕತ್ತರಿಸ್ತಿದ್ದ."

"ಪಾಪ ಕುರಿ. ಅದೇನು ಜಗಳ ಮಾಡಿತ್ತು?" ಎಂದ ತಮ್ಮ.

"ಗಿಡದ ಕಥೆ ಇನ್ನೂ ಚೆನ್ನಾಗಿದೆ. ಒಂದೇ ಗಿಡಕ್ಕೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ನಾಲ್ಕು ಗಿಡ. ಔಷಧಿ ಅಂತ ತಂದದ್ದು ವಿಷ ಆಗೋದು. ಕಡೆಗೆ ಬಲ್ಲವರು ಎರಡೇ ಪದದ ಹೆಸರು ಇಟ್ಟರು, ಜಗತ್ತಿಗೆಲ್ಲ ಅದೇ. ಗಿಡ ಒಣಗಿಸಿ, ಕಾಗದಕ್ಕೆ ಅಂಟಿಸಿ, ಎಲ್ಲಿ ಸಿಕ್ತು, ಯಾರು ಕಿತ್ತರು ಅಂತ ಪಕ್ಕದಲ್ಲೇ ಬರೆದಿಟ್ಟರು. ಮನುಷ್ಯರದ್ದೂ ಇದೇ ಪಾಡು. ಕಾಣೆಯಾದವರ ಪ್ರಕಟಣೆ ಓದಿಲ್ವಾ? ಕೋಲುಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು."

"ಅಯ್ಯೋ, ಆ ಲೆಕ್ಕದಲ್ಲಿ ಬಸ್ಸಲ್ಲಿರೋ ಅರ್ಧ ಜನ ನಮ್ಮ ಮನೆಯವರೇ" ಎಂದು ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಅದಕ್ಕೇ ಒಂದು ಕಾಲದಲ್ಲಿ ಪೊಲೀಸರು ತಲೆ ಸುತ್ತಳತೆ, ತೋಳುದ್ದ, ಪಾದ ಎಲ್ಲ ಅಳೆದು ಬರ್ಕೊಳ್ತಿದ್ರಂತೆ. ಅದೂ ಕೈಕೊಟ್ಟಿತು. ಕಡೆಗೆ ಬೆರಳ ತುದಿಗೆ ಬಂದು ನಿಂತರು. ಈಗ ಹೇಳು, ಇಷ್ಟೆಲ್ಲ ಜನ ಕೆಲಸ ಇಲ್ದೆ ಮಾಡಿದ್ರಾ?"

"ಅವರಿಗೆ ಜೇನು ಇರಲಿಲ್ಲ" ಎಂದ ತಮ್ಮ.

ಆದರೆ ಈ ಮನೆಯಲ್ಲಿ ಅವನದು ಒಂದು ಮತ, ಎದುರಿಗೆ ಎರಡು. ಸಂಜೆಯ ಹೊತ್ತಿಗೆ ರಾಜಿಯಾಯಿತು. "ಒಳಗೆ ಏನಾದ್ರೂ ಬರ್ಕೊಳ್ಳಿ. ಹೊರಗೆ ಮಾತ್ರ ಒಂದು ಚುಕ್ಕೆ ಬೀಳಬಾರದು. ನನ್ನ ಬಿಳಿ ಬಿಳಿಯಾಗೇ ಇರಬೇಕು."

"ಹೊರಗೆ ಹಾಕಿದ್ರೆ ಕಳ್ಳ ದೂರದಿಂದಲೇ ಹಿಂದೆ ಸರೀತಾನೆ. ಒಳಗೆ ಹಾಕಿದ್ರೆ ಕದ್ದಮೇಲೆ ಸಿಕ್ಕಿಬೀಳ್ತಾನೆ. ಎರಡೂ ಬೇಕು" ಎಂದಳು ಅಕ್ಕ.

"ಒಂದೇ ಸಾಕು."

ಹೆಂಡತಿ ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ ಕೊಟ್ಟಳು. ಅಕ್ಕ ಪ್ರತಿ ಪೆಟ್ಟಿಗೆಯ ಒಳಗೋಡೆಯ ಮೇಲಂಚಿಗೆ ತಮ್ಮನ ಫೋನ್ ನಂಬರನ್ನು ಸುಟ್ಟು ಬರೆದಳು. ಬಣ್ಣದಲ್ಲಿ ಬರೆದರೆ ಕೆರೆದು ತೆಗೆಯಬಹುದು, ಸುಟ್ಟರೆ ಮರದೊಳಗೇ ಇಳಿಯುತ್ತದೆ ಎಂದು ವಿವರಿಸಿದಳು. ಹೆಂಡತಿ ಒಂದೊಂದನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಂಡಳು. ಅಂಗಳವೆಲ್ಲ ಸುಟ್ಟ ಮರದ ವಾಸನೆ. ಜೇನುಗಾರ ಮೂಗು ಮುಚ್ಚಿಕೊಂಡು ಓಡಾಡಿದ. ಅವನ ಪಾಲಿಗೆ ಅದು ಅಕ್ಕನ ರಜೆಯ ಕೊನೆಯ ದಿನದ ಹುಚ್ಚಾಟ, ಮರುದಿನದ ಬಸ್ಸಿನೊಂದಿಗೆ ಮುಗಿಯುವಂಥದ್ದು.

ತಿಂಗಳುಗಳು ಕಳೆದವು. ಹೊಸ ಪೆಟ್ಟಿಗೆಗಳಲ್ಲಿ ಹುಳುಗಳು ತುಂಬಿ ತುಳುಕಿದವು. ತೋಟಗಳಲ್ಲಿ ಮೊಗ್ಗು ಕಂಡಿತು. ತೋಟದ ಯಜಮಾನ ಫೋನ್ ಮಾಡಿ, "ಈ ವಾರ ತಂದಿಡಿ, ತಡವಾದ್ರೆ ಬೇರೆಯವರಿಗೆ ಹೇಳ್ಬೇಕಾಗುತ್ತೆ" ಎಂದ. ಮರುದಿನ ಬೆಳಿಗ್ಗೆ ಜೇನುಗಾರ ಪೆಟ್ಟಿಗೆಗಳನ್ನು ಇಟ್ಟಿದ್ದ ಊರಾಚೆಯ ಬಯಲಿಗೆ ಹೋಗಿ ನೋಡಿದರೆ ಕಲ್ಲುಗಳು ಇದ್ದವು, ಕಲ್ಲಿನ ಮೇಲೆ ಇರಬೇಕಾದ ಪೆಟ್ಟಿಗೆಗಳು ಇರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಹೋಗಿದ್ದವು. ಆಚೆ ಬದಿಯಲ್ಲಿ ಇನ್ನೊಬ್ಬರ ಪೆಟ್ಟಿಗೆಗಳು ಮಾತ್ರ ಇದ್ದಲ್ಲೇ ಇದ್ದವು. ಗೂಡು ತಪ್ಪಿದ ಒಂದಿಷ್ಟು ಹುಳುಗಳು ಖಾಲಿ ಕಲ್ಲಿನ ಸುತ್ತ ಸುತ್ತುತ್ತಿದ್ದವು. ವರ್ಷದ ಅನ್ನ ಅಲ್ಲಿಂದ ಗಾಡಿ ಹತ್ತಿ ಹೋಗಿತ್ತು.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ಪೆನ್ನು ತೆರೆದು ಕೇಳಿದರು. "ಗುರುತು ಏನು?"

"ಬಿಳಿ ಬಣ್ಣ ಸಾರ್."

"ಬೇರೆ?"

"ಚೌಕಾಕಾರ."

"ಬೇರೆ?"

ಜೇನುಗಾರ ಯೋಚಿಸಿದ. "ಸಾಧಾರಣ ಗಾತ್ರ."

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿ ಅವನ ಮುಖ ನೋಡಿದರು. ಒಳಗೋಡೆಯ ವಿಷಯ ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮನೆಯ ಹೆಂಗಸರ ಹುಚ್ಚಾಟವನ್ನು ಸರಕಾರದ ಕಾಗದದ ಮೇಲೆ ಬರೆಸುವುದು ಹೇಗೆ? ಬರೆದಷ್ಟಕ್ಕೇ ಸಹಿ ಹಾಕಿ ಎದ್ದ.

ಎರಡು ದಿನ ಬಿಟ್ಟು ಠಾಣೆಯಿಂದ ಕರೆ ಬಂತು. ಹೆದ್ದಾರಿಯಲ್ಲಿ ಒಂದು ಟೆಂಪೊ ತಡೆದಿದ್ದರು, ಅದರ ತುಂಬ ಜೇನುಪೆಟ್ಟಿಗೆಗಳು. ಜೇನುಗಾರ ಮುಖಕ್ಕೆ ಹಾಕುವ ಪರದೆ, ಹೊಗೆಡಬ್ಬಿ, ಪೆಟ್ಟಿಗೆ ಕೆರೆಯುವ ಚಪ್ಪಟೆ ಕಬ್ಬಿಣ ಎತ್ತಿಕೊಂಡು, ಹೆಂಡತಿಯನ್ನು ಕರೆದುಕೊಂಡು ಓಡಿದ. ಠಾಣೆಯ ಹಿತ್ತಲಿನಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಇಳಿಸಿದ್ದರು. ಎಲ್ಲವೂ ನೀಲಿ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಪಕ್ಕದಲ್ಲಿ ಟೆಂಪೊದವನು ಮದುವೆಗಂಡಿನಷ್ಟು ನಿರಾಳವಾಗಿ ನಿಂತಿದ್ದ.

"ಇವು ನನ್ನವು ಸಾರ್. ನೀಲಿ ನನ್ನ ಅದೃಷ್ಟದ ಬಣ್ಣ. ಇವರದು ಬಿಳಿ ಅಂತಲ್ವಾ ಬರೆಸಿರೋದು?"

ಇನ್ಸ್‌ಪೆಕ್ಟರಿಗೂ ಅನುಮಾನವಿತ್ತು. ಆದರೆ ಪೆಟ್ಟಿಗೆಗೆ ಬಣ್ಣ ಬಳಿಯುವುದು ಅಪರಾಧವಲ್ಲ. "ನಿಮ್ಮದೇ ಅಂತ ಹೇಗೆ ಹೇಳ್ತೀರಿ?" ಎಂದು ಜೇನುಗಾರನನ್ನು ಕೇಳಿದರು.

ಹೆಂಡತಿ ಮೊಣಕೈಯಿಂದ ತಿವಿದಳು. "ರೀ, ಒಳಗಡೆ ಇದೆಯಲ್ಲ, ಹೇಳ್ರೀ."

"ನೀನು ಸುಮ್ನಿರು. ಮೊದಲು ನನ್ನ ಜೇನು ಹೇಳಲಿ." ಅವನು ತಲೆಯ ಮೇಲಿನ ಪರದೆ ತೆಗೆದು ಬೇಲಿಗೆ ಎಸೆದ. "ನೋಡ್ತಾ ಇರಿ ಸಾರ್. ಯಜಮಾನನ್ನ ಕಂಡ್ರೆ ಹೇಗೆ ಸುಮ್ಮನಾಗ್ತವೆ ಅಂತ." ಹಾಗೆಂದು ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದ.

ಎರಡು ಹಗಲು ಗಾಡಿಯಲ್ಲಿ ಕುಲುಕಿ, ಬಣ್ಣದ ವಾಸನೆಗೆ ತಲೆಕೆಟ್ಟಿದ್ದ ಹುಳುಗಳು ಆ ಹೊತ್ತಿನಲ್ಲಿ ಯಜಮಾನನ ವಿಚಾರಣೆಗೆ ತಯಾರಿರಲಿಲ್ಲ. ಮೂಗಿಗೆ ಒಂದು, ಕಿವಿಗೆ ಒಂದು, ಮೇಲ್ದುಟಿಗೆ ಮನಸ್ಸಿಟ್ಟು ಒಂದು. ಕಾನ್‌ಸ್ಟೇಬಲ್ಲುಗಳು ಒಳಗೆ ಓಡಿ ಕಿಟಕಿ ಮುಚ್ಚಿಕೊಂಡರು. ಟೆಂಪೊದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ರಾ ಸಾರ್, ನನ್ನ ಹುಳ! ಬೇರೆಯವರನ್ನ ಹತ್ತಿರ ಸೇರಿಸಲ್ಲ." ಮರುಕ್ಷಣ ಅವನ ಕುತ್ತಿಗೆಗೂ ಒಂದು ಬಿತ್ತು. ಹುಳುಗಳ ಲೆಕ್ಕದಲ್ಲಿ ಇಬ್ಬರೂ ಒಂದೇ ಆಗಿದ್ದರು.

"ಆಯ್ತಾ ನಿಮ್ಮ ಸಲಿಗೆ?" ಎಂದಳು ಹೆಂಡತಿ. ಪರದೆ ಎತ್ತಿಕೊಂಡು ತಾನು ಹಾಕಿಕೊಂಡಳು. ಹೊಗೆಡಬ್ಬಿ ಹೊತ್ತಿಸಿ ನಿಧಾನವಾಗಿ ಎರಡು ಸಲ ಹೊಗೆಯೂದಿದಳು. ಹುಳುಗಳು ಗೂಡಿಗಿಳಿದವು. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ಸಾರ್, ತೆಗೆಯೋಕೆ ಮುಂಚೆ ಹೇಳ್ತೀನಿ. ಪ್ರತಿ ಪೆಟ್ಟಿಗೆಯ ಒಳಗೋಡೆಯ ಮೇಲಂಚಿಗೆ ನಮ್ಮ ಯಜಮಾನರ ಫೋನ್ ನಂಬರ್ ಸುಟ್ಟಿದೆ. ಇವರನ್ನ ಕೇಳಿ, ಇವರ ಪೆಟ್ಟಿಗೆಯಲ್ಲಿ ಏನಿದೆ ಅಂತ."

"ಏನಿರುತ್ತೆ? ಜೇನಿರುತ್ತೆ" ಎಂದ ಟೆಂಪೊದವನು.

ಇನ್ಸ್‌ಪೆಕ್ಟರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಗ್ಗಿ ನೋಡಿದರು. ಹೆಂಡತಿ ಹುಳುಗಳು ಗೂಡು ಕಟ್ಟಿದ್ದ ಮರದ ಚೌಕಟ್ಟುಗಳಲ್ಲಿ ಅಂಚಿನದೊಂದನ್ನು ಹೊರತೆಗೆದು ಜಾಗ ಮಾಡಿದಳು. ಒಳಗೋಡೆಯ ಮೇಲೆ ಕಂದುಬಣ್ಣದ ದಪ್ಪ ಅಂಟು, ಬೇರೇನೂ ಇಲ್ಲ.

"ಏನೂ ಕಾಣ್ತಿಲ್ವಲ್ಲಮ್ಮ."

ಜೇನುಗಾರ ಊದಿಕೊಂಡ ತುಟಿ ಒತ್ತಿಹಿಡಿದು ತಾನೂ ಬಗ್ಗಿ ನೋಡಿದ. ತಿಂಗಳುಗಟ್ಟಲೆ ಹುಚ್ಚಾಟವೆಂದು ನಕ್ಕಿದ್ದ ಗುರುತು ಈಗ ಇರಲಿ, ಹೇಗಾದರೂ ಇರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ.

"ಕಾಣಲ್ಲ ಸಾರ್. ಹುಳುಗಳು ಮರದಂಟು ತಂದು ಗೋಡೆಗೆಲ್ಲ ಮೆತ್ತುತ್ತವೆ. ಅವುಗಳ ಗಿಲಾವು ಅದು." ಅವಳು ಚಪ್ಪಟೆ ಕಬ್ಬಿಣದಿಂದ ಮೆಲ್ಲಗೆ ಕೆರೆದಳು. ಅಂಟು ಸುರುಳಿಯಾಗಿ ಬಿತ್ತು. ಅದರಡಿ ಒಂದು ಕಪ್ಪು ಅಂಕಿ ಕಂಡಿತು. ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಅಕ್ಕನ ಕೈಬರಹ, ಸ್ವಲ್ಪ ಎಡಕ್ಕೆ ವಾಲಿದ್ದು.

ಇನ್ಸ್‌ಪೆಕ್ಟರು ತಮ್ಮ ಫೋನ್ ತೆಗೆದರು. ಮರದ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದುತ್ತ ಒತ್ತಿದರು.

ಜೇನುಗಾರನ ಜೇಬಿನಲ್ಲಿ ಫೋನ್ ಜೋರಾಗಿ ಬಡಿದುಕೊಂಡಿತು.

ಅವನು ತೆಗೆದು ಕಿವಿಗಿಟ್ಟುಕೊಂಡ. "ಹಯೋ?" ಎಂದ, ತುಟಿ ಅಷ್ಟಕ್ಕೇ ಒಪ್ಪಿತ್ತು.

"ನಿಮ್ಮ ಪೆಟ್ಟಿಗೆ ಮಾತಾಡ್ತಿದೆ" ಎಂದರು ಇನ್ಸ್‌ಪೆಕ್ಟರು ಎದುರಿಗೇ ನಿಂತು. "ಬಂದು ಕರ್ಕೊಂಡು ಹೋಗಿ."

ಕಿಟಕಿಯ ಹಿಂದಿನಿಂದ ಕಾನ್‌ಸ್ಟೇಬಲ್ಲುಗಳು ಚಪ್ಪಾಳೆ ತಟ್ಟಿದರು. ಹೆಂಡತಿ ಎರಡನೆಯ ಪೆಟ್ಟಿಗೆ ಕೆರೆದಳು, ಮೂರನೆಯದು ಕೆರೆದಳು. ಅದೇ ನಂಬರು, ಅದೇ ಎಡವಾಲು. ಫೋನಿನಲ್ಲಿದ್ದ ಫೋಟೊಗಳನ್ನೂ ತೋರಿಸಿದಳು. ಟೆಂಪೊದವನ ಅದೃಷ್ಟದ ಬಣ್ಣ ಅವನ ಮುಖದಿಂದ ಇಳಿಯಿತು. ನಿಂತಲ್ಲೇ ಬಾಯಿಬಿಟ್ಟ.

"ಆ ಬಯಲಲ್ಲಿ ಇನ್ನೊಬ್ಬರ ಪೆಟ್ಟಿಗೆಗಳೂ ಇದ್ದವು ಸಾರ್. ಅವುಗಳ ಹೊರಗೆ ಇಷ್ಟು ದಪ್ಪಗೆ ಹೆಸರು ಸುಟ್ಟಿದ್ರು. ಯಾಕೆ ಬೇಕು ತಲೆನೋವು ಅಂತ ಮುಟ್ಟಲಿಲ್ಲ. ಇವು ಬೆಳ್ಳಗೆ, ಖಾಲಿ ಇದ್ವು. ಯಾರದೂ ಅಲ್ಲದ ಹಾಗೆ."

ಜೇನುಗಾರ ಆ ಮಾತನ್ನು ಎರಡು ಕಿವಿಯಲ್ಲೂ ಕೇಳಿಸಿಕೊಂಡ. ಒಂದು ಕಿವಿ ಊದಿದ್ದರೂ ಸರಿಯಾಗೇ ಕೇಳಿಸಿತು. ಮನೆಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಸಲಾಕೆ ಎಷ್ಟು ಕೆಂಪಗೆ ಕಾಯಬೇಕು?"

"ಯಾಕೋ?"

"ಹೊರಗೂ ಸುಡ್ತೀನಿ."

"ನಿನ್ನ ಬಿಳಿ?"

"ಈಗ ನೀಲಿ ಆಗಿದೆ, ಬಿಡು. ಗೇಲಿ ಮಾಡದೆ ಹೇಳು."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಜೇನಿಲ್ಲದಿರಬಹುದು. ಸೈಕಲ್ ಇದೆ, ಹೊಲಿಗೆ ಯಂತ್ರ ಇದೆ, ನೀರಿನ ಪಂಪು ಇದೆ, ದುಡಿಮೆಯ ಹತ್ಯಾರ ಇದೆ. ಅದು ನಿಮ್ಮದೆಂದು ನಿಮಗೆ ಗೊತ್ತು. ನಾಳೆ ಠಾಣೆಯಲ್ಲಿ ಕೂತವರಿಗೆ ಅದು ಗೊತ್ತಾಗುವುದು ಹೇಗೆ? ಇವತ್ತೇ ಗುರುತು ಹಾಕಿ. ದೂರದಿಂದ ಕಾಣುವಂತೆ ಹೊರಗೊಂದು, ಸುಲಭಕ್ಕೆ ಕಾಣದ ಜಾಗದಲ್ಲಿ ಇನ್ನೊಂದು. ಕೆರೆದರೂ ಹೋಗದ ಹಾಗೆ ಸುಡಿ, ಕೆತ್ತಿ, ಕೊರೆಯಿರಿ. ಫೋಟೊ ತೆಗೆದಿಡಿ. ಒಳಗಿನ ಗುರುತು ಎಲ್ಲಿದೆಯೆಂದು ಮನೆಯವರಿಗೆಲ್ಲ ಹೇಳಿ, ಬೀದಿಗೆ ಹೇಳಬೇಡಿ. ಕಳೆದುಹೋದರೆ ಮೊದಲ ದಿನವೇ ಠಾಣೆಯಲ್ಲಿ ಅದನ್ನು ಬರೆಸಿ, ನಾಚಿಕೆ ಪಡಬೇಡಿ.

ಮೊಗ್ಗು ಒಡೆಯುವ ಮುಂಚೆಯೇ ಇಪ್ಪತ್ತು ಪೆಟ್ಟಿಗೆಗಳೂ ತೋಟ ಸೇರಿದವು.