ಮೈಸ್ಟರನ ಒಲೆಯಲ್ಲಿ ಹೊಗೆಯಿಲ್ಲ

ಅಮೆರಿಕದ ನಮ್ಮ ಶೆಬಾಯ್ಗನ್ ಊರಿನಲ್ಲಿ ಯಾರಿಗೆ ಏನು ಚೆನ್ನಾಗಿ ಬಂದರೂ ಅದರ ಹಿಂದೆ ಒಂದು 'ಮೈಸ್ಟರ್', ಅಂದರೆ ಉಸ್ತಾದ್, ಅಂಟಿಸಿಬಿಡುತ್ತೇವೆ. ಬಿಯರ್ ಮಾಡುವವನು ಬ್ರೂಮೈಸ್ಟರ್, ಹರಟೆ ಹೊಡೆಯುವವನು ಜೋಕ್‌ಮೈಸ್ಟರ್. ಅಜ್ಜಂದಿರ ಜರ್ಮನ್ ಭಾಷೆಯಲ್ಲಿ ನಮ್ಮ ಬಾಯಲ್ಲಿ ಉಳಿದಿರುವುದು ಆ ಬಾಲವೊಂದೇ. ಅದರಲ್ಲೂ ಕೆಂಡದ ಮೇಲೆ ಮಾಂಸದ ಸಾಸೇಜ್ ಸುಡುವ ಗ್ರಿಲ್‌ಮೈಸ್ಟರ್ ಎಂದರೆ ಪಾದ್ರಿಗಿಂತ ಒಂದು ಕೈ ಮೇಲು.

ಈ ಬೇಸಿಗೆ ಚರ್ಚಿನ ಸಾಸೇಜ್ ಊಟಕ್ಕೆ ಆ ಪಟ್ಟ ನನ್ನ ಗಂಡ ವೆಂಡಲ್‌ಗೆ ಬಂತು. ಇಷ್ಟು ವರ್ಷ "ನಾನಾಗಿದ್ರೆ ತೋರಿಸ್ತಿದ್ದೆ" ಎಂದು ಕೊಚ್ಚಿಕೊಂಡವನಿಗೆ ಏಪ್ರನ್ ಕೈಗೆ ಬಂದ ಮೇಲೆ ಜೀವ ಪುಕಪುಕ. ಒಳಗೆ ಹಸಿ ಉಳಿದು ಯಾರಾದರೂ ಹೊಟ್ಟೆ ಹಿಡಿದುಕೊಂಡರೆ? ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಅಷ್ಟೂ ಸಾಸೇಜನ್ನು ಬಿಯರ್ ಹಾಕಿ ಹಂಡೆಯಲ್ಲಿ ಬೇಯಿಸಿ ಮುಗಿಸಿದ್ದ. ಬೇರೆ ಊರಿನವರು ಹಾಗೆ ಮಾಡಿಕೊಳ್ಳಲಿ. ನಮ್ಮಲ್ಲಿ ಹಸಿಯದನ್ನೇ ಕೆಂಡದ ಮೇಲಿಡಬೇಕು.

"ಯಾರಿಗೂ ಗೊತ್ತಾಗಲ್ಲ ಕಣೇ" ಎಂದ.

ಗೊತ್ತಾಗದೆ ಏನು? ಬೆಂದ ಸಾಸೇಜಿನಿಂದ ಕೊಬ್ಬು ತೊಟ್ಟಿಕ್ಕುವುದಿಲ್ಲ, ಕೊಬ್ಬು ಬೀಳದೆ ಹೊಗೆ ಏಳುವುದಿಲ್ಲ. ಚರ್ಚಿನ ಅಂಗಳದಲ್ಲಿ ಊಟಕ್ಕೆ ನಿಂತವರ ಸಾಲು ರಸ್ತೆ ಮುಟ್ಟಿತ್ತು, ಒಲೆ ಮಾತ್ರ ಸಪ್ಪಗಿತ್ತು. ಹಿಂದಿನ ಗ್ರಿಲ್‌ಮೈಸ್ಟರನ ವಿಧವೆ ಆರ್ಲಿಸ್ ತಟ್ಟೆ ಹಿಡಿದು ಬಂದಳು.

"ಹೊಗೆ ಎಲ್ಲೋ ವೆಂಡಲ್? ನಮ್ಮೋರಿದ್ದಾಗ ಈ ಹೊತ್ತಿಗೆ ಕಣ್ಣು ಬಿಡೋಕಾಗ್ತಿರಲಿಲ್ಲ."

"ಇದ್ದಿಲು ತೇವ ಆಗಿದೆ" ಎಂದುಬಿಟ್ಟ ಈ ಮಹಾರಾಯ, ತಿರುಗಿಯೂ ನೋಡದೆ.

ಇದ್ದಿಲು ಗಾರ್ಡಿಯ ಜವಾಬ್ದಾರಿ. ಎಷ್ಟೋ ವರ್ಷದಿಂದ ಬೆಂಕಿ ಹಚ್ಚುವವನು ಅವನೇ. ಸಾಲಿನಲ್ಲಿದ್ದವರು ಬಿಡುತ್ತಾರೆಯೇ? "ಏನಯ್ಯಾ ಕೆಂಡಮೈಸ್ಟರ್, ಇದ್ದಿಲಿಗೆ ಸ್ನಾನ ಮಾಡಿಸ್ಕೊಂಡು ಬಂದ್ಯಾ?" ಎಂದು ನಕ್ಕರು. ಗಾರ್ಡಿ ಟೋಪಿ ತೆಗೆದ.

"ತಪ್ಪಾಯ್ತು ಮೈಸ್ಟರ್. ನಿನ್ನ ಮೊದಲ್ನೇ ದಿನಾನೇ ಹಾಳ್ಮಾಡ್ದೆ."

ವೆಂಡಲ್ ಅವನ ಹೆಗಲು ತಟ್ಟಿ "ಇರ್ಲಿ ಬಿಡು" ಎಂದ.

ಅದನ್ನು ಕೇಳಿ ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಕ್ಷಮಿಸುತ್ತಿದ್ದಾನಲ್ಲ, ಇವನು! ಬನ್ ಕತ್ತರಿಸುತ್ತಿದ್ದ ಚಾಕು ಕೆಳಗಿಟ್ಟೆ.

"ಗಾರ್ಡಿ, ಇದ್ದಿಲು ಸರಿಯಾಗೇ ಇದೆ. ಸಾಸೇಜನ್ನ ನಾವು ಬೇಯಿಸ್ಕೊಂಡು ಬಂದಿದೀವಿ."

ಸಾಲಿನಲ್ಲಿ ನಗು ನಿಂತಿತು. ಆರ್ಲಿಸ್ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ವೆಂಡಲ್ ಇಕ್ಕಳ ಹಿಡಿದು ನೆಲ ನೋಡುತ್ತಿದ್ದ. ಗಾರ್ಡಿಯ ಮುಖವೂ ಕೆಂಪಾಯಿತು, ಸಿಕ್ಕಿಬಿದ್ದವನು ತಾನೇ ಎಂಬಂತೆ. ಅವನು ಬೈಯಲಿಲ್ಲ. ಬಗ್ಗಿ ಕೆಂಡ ಕೆದಕಿದ.

"ಹೋಗ್ಲಿ, ಹಸೀದು ಎಷ್ಟು ಉಳಿದಿದೆ? ಅದನ್ನಾದ್ರೂ ಸುಡೋಣ."

"ಒಂದೂ ಇಲ್ಲ" ಎಂದ ವೆಂಡಲ್.